ಚಿಂಚೋಳಿಯ ಕಾಡಿನಲ್ಲಿ ಎರಡು ರಾತ್ರಿ ಡೇರೆ ಹಾಕಿ ಉಳಿಯುವ ಬಗ್ಗೆ ಸಲಹೆ ಬೇಕು

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಮನೆಯವರು, ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು, ನನ್ನ ತಮ್ಮನ ಕುಟುಂಬ ಮತ್ತು ಎಪ್ಪತ್ತರ ಹತ್ತಿರ ಬಂದಿರುವ ನಮ್ಮ ಅತ್ತೆಯವರು, ಎಲ್ಲರೂ ಸೇರಿ ಈ ಬಾರಿ ಎರಡು ರಾತ್ರಿ ಕಾಡಿನಲ್ಲಿ ಡೇರೆ ಹಾಕಿ ಉಳಿಯಬೇಕೆಂದು ಯೋಚಿಸಿದ್ದೇವೆ. ನಮ್ಮ ಮಕ್ಕಳಿಗೆ ಕಾಡು ಎಂದರೆ ಬಂಡೀಪುರ, ನಾಗರಹೊಳೆ ಮಾತ್ರ. ತಮ್ಮದೇ ಜಿಲ್ಲೆಯಲ್ಲಿ ಅಭಯಾರಣ್ಯವೊಂದಿದೆ, ಅಲ್ಲಿ ತೋಳವಿದೆ, ನಾಲ್ಕು ಕೊಂಬಿನ ಕೊಂಡುಕುರಿಯಿದೆ ಎಂದು ಹೇಳಿದರೆ ನಂಬುವುದಿಲ್ಲ. ತರಗತಿಯ ಮಕ್ಕಳೂ ಹಾಗೆಯೇ. ಆದ್ದರಿಂದ ದೂರದ ಹೆಸರಾಂತ ಕಾಡುಗಳಿಗೆ ಹೋಗುವ ಬದಲು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡನ್ನೋ, ಬೀದರ್ ಹತ್ತಿರದ ಹೊನ್ನಿಕೇರಿ ಅರಣ್ಯವನ್ನೋ ಆರಿಸಿಕೊಳ್ಳಬೇಕೆಂದಿದ್ದೇವೆ.

ತಿಳಿದವರಲ್ಲಿ ಕೆಲವು ವಿಷಯಗಳನ್ನು ಕೇಳಬೇಕಾಗಿದೆ. ಮೊದಲನೆಯದು ನೀರು. ನಮ್ಮ ಸೀಮೆ ಬಿಸಿಲಿನ ಸೀಮೆ. ಉಳಿಯುವ ಜಾಗದ ಹತ್ತಿರ ವರ್ಷವಿಡೀ ಬತ್ತದ ಝರಿ ಅಥವಾ ಒರತೆ ಇದ್ದರೆ ಮಕ್ಕಳಿಗೂ ಸಂತೋಷ, ನಮಗೂ ಅನುಕೂಲ. ಅಂಥ ನೀರು ಚಿಂಚೋಳಿಯಲ್ಲಿ ಇದೆಯೇ, ಅಥವಾ ಬೀದರಿನಲ್ಲೇ ಹುಡುಕಬೇಕೇ? ಎರಡನೆಯದಾಗಿ, ಅಭಯಾರಣ್ಯದೊಳಗೆ ನಮ್ಮದೇ ಡೇರೆ ಹಾಕಿಕೊಳ್ಳಲು ಅನುಮತಿ ದೊರೆಯುತ್ತದೆಯೇ, ದೊರೆಯುವುದಾದರೆ ಯಾರನ್ನು ಕೇಳಬೇಕು? ಕಾಲದ ವಿಷಯದಲ್ಲಿಯೂ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ದಸರಾ ರಜೆಯಲ್ಲಿ ಹೋದರೆ ಹಸಿರು ಇರುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ. ಡಿಸೆಂಬರ್ ಕೊನೆಗೋ ಜನವರಿಯಲ್ಲೋ ಬರುವ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋದರೆ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ, ರಾತ್ರಿ ನಕ್ಷತ್ರಗಳೂ ಕಾಣುತ್ತವೆ ಎಂಬುದು ನನ್ನ ವಾದ. ಕೊನೆಯದಾಗಿ, ತೋಳ ಮತ್ತು ಕತ್ತೆಕಿರುಬದ ಹೆಸರು ಕೇಳಿದಾಗಿನಿಂದ ಅತ್ತೆಯವರು ಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಿದ್ದಾರೆ. ಅವರಿಗೆ ಸುಮ್ಮನೆ ಧೈರ್ಯ ಹೇಳುವುದಕ್ಕಿಂತ ನಿಜ ಸಂಗತಿ ಹೇಳಬೇಕೆಂಬುದು ನನ್ನ ಆಸೆ. ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ರೈತ, ಚಿಂಚೋಳಿ ತಾಲ್ಲೂಕು

ಅಕ್ಕಾವರೇ, ಶರಣು. ನಮ್ಮ ಹೊಲ ಈ ಕಾಡಿನ ಮಗ್ಗುಲಲ್ಲೇ ಇದೆ. ನಮ್ಮ ತಾಲ್ಲೂಕಿನ ಕಾಡನ್ನು ನೋಡಬೇಕೆಂದು ಕಲಬುರಗಿಯ ಶಿಕ್ಷಕರೊಬ್ಬರು ಇಷ್ಟು ಕಾಳಜಿಯಿಂದ ಕೇಳಿದ್ದನ್ನು ಓದಿ ಮನಸ್ಸು ತುಂಬಿತು.

ಚಿಂಚೋಳಿ ವನ್ಯಜೀವಿ ಅಭಯಾರಣ್ಯವನ್ನು ಸರ್ಕಾರ ಘೋಷಿಸಿದ್ದು 2011ರಲ್ಲಿ. ಅದರ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ಅಭಯಾರಣ್ಯ ಎಂದು ಇದನ್ನು ಕರೆಯುತ್ತಾರೆ. ಒಣಭೂಮಿ ಎಂದ ಕೂಡಲೇ ಬರಿಯ ಕುರುಚಲು ಎಂದು ಭಾವಿಸಬೇಡಿ. ಒಳಗೆ ಎಲೆ ಉದುರಿಸುವ ದಟ್ಟ ಕಾಡಿದೆ, ಅಂಚಿನಲ್ಲಿ ಸಾಗುವಾನಿ ಮತ್ತು ಜಾಲಿಯ ನೆಡುತೋಪುಗಳಿವೆ, ಗಂಧದ ಮರ, ರಕ್ತಚಂದನದ ಮರಗಳೂ ಇವೆ. ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ಆ ಜನ ಈ ಕಾಡಿನ ಜೊತೆಗೇ ಬದುಕಿ ಬಂದವರು. ಅವರ ದಾರಿಯಲ್ಲಿ, ಅವರ ದನಗಳ ನಡುವೆ ವಾಹನ ಓಡಿಸುವಾಗ ನಿಧಾನವಿರಲಿ. ದಾರಿ ತಪ್ಪಿದರೆ ಮೊಬೈಲಿನ ನಕ್ಷೆಗಿಂತ ತಾಂಡಾದ ಹಿರಿಯರನ್ನು ಕೇಳುವುದೇ ಮೇಲು.

ನೀರಿನ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ಚಂದ್ರಂಪಳ್ಳಿಯ ನೀರು ಬುಗ್ಗೆಯ ನೀರಲ್ಲ, ಗುಡ್ಡದ ನಾಲೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಅಣೆಕಟ್ಟಿನಲ್ಲಿ ನಿಂತ ಮಳೆಯ ನೀರು. ಅಭಯಾರಣ್ಯದೊಳಗೆ ಇಂಥ ಸಣ್ಣ ಅಣೆಕಟ್ಟುಗಳು ನಾಲ್ಕಿವೆ, ಅವುಗಳಲ್ಲಿ ದೊಡ್ಡದು ಇದೇ. ಮಳೆಗಾಲ ಮುಗಿದಾಗ ಸುತ್ತಲಿನ ಗುಡ್ಡಗಳ ನಡುವೆ ಈ ನೀರು ತುಂಬಿ ನಿಂತಿರುವುದನ್ನು ಕಂಡವರು ಇದು ಕಲಬುರಗಿ ಜಿಲ್ಲೆಯೇ ಎಂದು ಮತ್ತೊಮ್ಮೆ ಕೇಳುತ್ತಾರೆ. ಎತ್ತಿಪೋತ ಜಲಪಾತವೂ ನಮ್ಮ ತಾಲ್ಲೂಕಿನಲ್ಲೇ ಇದೆ. ಅದು ಮಳೆಯ ಬಲದ ಮೇಲೆ ಹರಿಯುವ ಜಲಪಾತವಾದ್ದರಿಂದ ಅದನ್ನು ನೋಡುವುದೇ ಮುಖ್ಯವಾದರೆ ನಿಮ್ಮ ತಮ್ಮನವರ ಮಾತಿನಂತೆ ದಸರಾ ರಜೆಯಲ್ಲಿ ಬನ್ನಿ. ನಾಗಾರ್ಜುನ ಸಾಗರದ ಹತ್ತಿರವೂ ಇದೇ ಬಗೆಯ ಹೆಸರಿನ ಜಲಪಾತವೊಂದಿದೆ; ನಕ್ಷೆಯಲ್ಲಿ ಹುಡುಕುವಾಗ ಚಿಂಚೋಳಿ ಎಂಬ ಹೆಸರನ್ನು ಜೊತೆಗೆ ಸೇರಿಸಿ.

ಅನುಮತಿಯ ವಿಷಯ ಬಹಳ ಮುಖ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಪರವಾನಗಿ ಬೇಕು, ಪ್ರವಾಸಕ್ಕೂ ಬೇಕು. ಇಷ್ಟಬಂದ ಜಾಗದಲ್ಲಿ ಡೇರೆ ಹಾಕುವಂತಿಲ್ಲ. ಇಲಾಖೆ ತೋರಿಸಿದ ಜಾಗದಲ್ಲಿ ಮಾತ್ರ ಉಳಿಯಬೇಕು. ಚಿಂಚೋಳಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಕೊಡಿ. ಬರುವವರ ಹೆಸರು, ವಯಸ್ಸು, ವಾಹನದ ಸಂಖ್ಯೆ, ಬರುವ ಮತ್ತು ಹೋಗುವ ದಿನ, ಉದ್ದೇಶ ಇವನ್ನು ಸ್ಪಷ್ಟವಾಗಿ ಬರೆಯಿರಿ. ನೀವು ಶಿಕ್ಷಕಿ ಎಂಬುದನ್ನೂ, ಮಕ್ಕಳಿಗೆ ಕಾಡಿನ ಪರಿಚಯ ಮಾಡಿಸಲು ಬರುತ್ತಿದ್ದೀರಿ ಎಂಬುದನ್ನೂ ಬರೆದರೆ ಒಳ್ಳೆಯದು. ಹೊರಡುವ ಹಿಂದಿನ ದಿನ ಕೇಳಿದರೆ ಯಾರಿಗೂ ಅನುಕೂಲವಾಗುವುದಿಲ್ಲ, ಒಂದು ತಿಂಗಳ ಮುಂಚೆಯೇ ಕೇಳಿ. ಜೊತೆಗೆ ಒಬ್ಬ ಅರಣ್ಯ ವೀಕ್ಷಕರನ್ನು ಕಳುಹಿಸಿಕೊಡುವಂತೆ ಕೋರಿರಿ; ಅವರು ಬಂದರೆ ಮಕ್ಕಳಿಗೆ ಕಾಣುವುದೇ ಬೇರೆ.

ಕಲಬುರಗಿಯಿಂದ ಜಲಾಶಯದವರೆಗೆ ನೂರು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಡೇರೆ ಹಾಕಬಹುದು. ಕತ್ತಲಾದ ಮೇಲೆ ಬಂದು ಹಾಕುವ ಯೋಚನೆ ಬೇಡ. ಮಳೆ ಬಿದ್ದ ಮರುದಿನ ಡಾಂಬರು ರಸ್ತೆ ಬಿಟ್ಟು ಕಾರನ್ನು ಇಳಿಸಬೇಡಿ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಟ್ರ್ಯಾಕ್ಟರ್ ಬಾರದೆ ಕಾರು ಮೇಲೇಳುವುದಿಲ್ಲ. ಜಾಗ ಆರಿಸುವ ಅವಕಾಶ ಸಿಕ್ಕರೆ ಜಲಾಶಯದ ದಂಡೆಗೆ ಹತ್ತಿರವೇ ಕೇಳಿ. ಬೆಳಿಗ್ಗೆ ಡೇರೆಯ ಬಾಗಿಲು ತೆರೆದರೆ ಮಕ್ಕಳಿಗೆ ನೀರೇ ಕಾಣುತ್ತದೆ.

ಊಟಕ್ಕೆ ಒಲೆ ಹೂಡುವ ಯೋಚನೆಯನ್ನು ಬಿಟ್ಟುಬಿಡಿ. ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ, ಮತ್ತು ನಮ್ಮ ಕಾಡಿನ ಒಣಹುಲ್ಲಿಗೆ ಒಂದು ಕಿಡಿ ಸಾಕು. ಅದಕ್ಕೆ ನಮ್ಮ ಬುತ್ತಿ ಇದ್ದೇ ಇದೆಯಲ್ಲ! ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಮಕ್ಕಳಿಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಇವುಗಳಲ್ಲಿ ಯಾವುದಕ್ಕೂ ಬೆಂಕಿ ಬೇಡ, ಎರಡು ದಿನ ಕೆಡುವುದೂ ಇಲ್ಲ. ಮೊಸರನ್ನು ಮಾತ್ರ ಮೊದಲ ದಿನವೇ ಮುಗಿಸಿ.

ಉತ್ತರ: ಭೂವಿಜ್ಞಾನದ ನಿವೃತ್ತ ಉಪನ್ಯಾಸಕ, ಬೀದರ್

ಬತ್ತದ ಝರಿಯನ್ನು ನೋಡಬೇಕೆಂಬ ನಿಮ್ಮ ಆಸೆಗೆ ಬೀದರಿನಲ್ಲಿಯೇ ಉತ್ತರವಿದೆ. ಆದರೆ ಅಲ್ಲಿ ಡೇರೆ ಹಾಕುವಂತಿಲ್ಲ, ಹಾಕಲೂಬಾರದು. ಕಾರಣ ಹೇಳುವ ಮೊದಲು ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸುತ್ತೇನೆ, ಏಕೆಂದರೆ ನೀವು ವಿಜ್ಞಾನ ಶಿಕ್ಷಕಿ, ಇದು ನಿಮ್ಮ ಮಕ್ಕಳಿಗೂ ತರಗತಿಗೂ ಬೇಕಾದ ವಿಷಯ.

ಬೀದರ್ ನಗರವಿರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಸಮತಟ್ಟಾದ ದಿಬ್ಬದ ಮೇಲೆ. ಈ ದಿಬ್ಬದ ಮೇಲ್ಪದರ ಜಂಬಿಟ್ಟಿಗೆ, ಅಂದರೆ ಕೋಟೆಯ ಗೋಡೆಗಳಲ್ಲಿ ಕಾಣುವ ಅದೇ ಕೆಂಪು ಕಲ್ಲು. ಅದರ ಮೈತುಂಬ ರಂಧ್ರಗಳು. ಸುರಿದ ಮಳೆ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಜೇಡಿಯಂಥ ಮೆತ್ತನೆಯ ಪದರವೂ, ಅದರ ಕೆಳಗೆ ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯೂ ಇವೆ. ಇಳಿದ ನೀರಿಗೆ ಅಲ್ಲಿಂದ ಮುಂದೆ ಸುಲಭದ ದಾರಿಯಿಲ್ಲ. ಆದ್ದರಿಂದ ಅದು ಜೇಡಿಯ ಮೇಲೆಯೇ ಅಡ್ಡಡ್ಡಲಾಗಿ ಜರುಗಿ, ದಿಬ್ಬದ ಅಂಚು ಕಡಿದುಬಿದ್ದ ಕಡೆ ಹೊರಬರುತ್ತದೆ. ನಾನಕ್ ಝಿರಾ, ಝರಣಿ ನರಸಿಂಹ, ಪಾಪನಾಶ, ಇವೆಲ್ಲ ಈ ಅಂಚಿನ ನೀರುಗಳು. ಮೇಲೆ ಮಳೆ ನಿಂತು ತಿಂಗಳುಗಳಾದರೂ ಕೆಳಗೆ ನೀರು ಒಸರುತ್ತಿರುವುದಕ್ಕೆ ಕಾರಣ, ಇಡೀ ದಿಬ್ಬವೇ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತಿರುವುದು.

ಬಹಮನಿ ಸುಲ್ತಾನರ ಕಾಲದಲ್ಲಿ ಇದನ್ನು ಅರಿತವರಿದ್ದರು. ನೌಬಾದಿನ ಕರೇಜನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಪರ್ಷಿಯಾದಿಂದ ಬಂದ ತಂತ್ರಜ್ಞಾನದಿಂದ 15ನೆಯ ಶತಮಾನದಲ್ಲಿ ನೆಲದೊಳಗೆ ಸುರಂಗ ಕೊರೆದು, ಗಾಳಿ ಬೆಳಕಿಗೆಂದು ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ಬಿಟ್ಟು, ಪಂಪಿನ ಹಂಗಿಲ್ಲದೆ ಇಳಿಜಾರಿನ ಬಲದಿಂದಲೇ ನೀರನ್ನು ಹರಿಸಿದ ವ್ಯವಸ್ಥೆ ಅದು. ಕಿಂಡಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ಅಲ್ಲಿ ಜನಸಂದಣಿಯಿದ್ದಾಗ ಗಾಳಿ ಕಡಿಮೆಯಾಗುತ್ತದೆ, ಎಂಟು ವರ್ಷದ ಮಗುವಿಗೆ ನೀರು ಆಳವೂ ಹೌದು. ನಿಮ್ಮ ಅತ್ತೆಯವರಿಗೂ ಮಗುವಿಗೂ ಹೊರಗಿನಿಂದಲೇ ಕೈಮುಗಿಯುವುದು ಒಳ್ಳೆಯದು.

ಇವೆಲ್ಲ ಜನ ಭಕ್ತಿಯಿಂದ ಬರುವ ಜಾಗಗಳು, ಊರಿಗೆ ಅಂಟಿಕೊಂಡೇ ಇವೆ. ಆದ್ದರಿಂದ ಡೇರೆಯ ಪ್ರಶ್ನೆಯೇ ಏಳುವುದಿಲ್ಲ. ಇನ್ನೊಂದು ಮಾತು: ಬುಗ್ಗೆಯ ನೀರು ಎಂದ ಕೂಡಲೇ ಶುದ್ಧವೆಂದು ಎಲ್ಲರೂ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾರೆ. ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುವ ಅದೇ ರಂಧ್ರಗಳು ಮೇಲಿನ ಊರಿನ ಶೌಚಗುಂಡಿಯ ನೀರನ್ನೂ ಬಿಟ್ಟುಕೊಳ್ಳುತ್ತವೆ. ಜಂಬಿಟ್ಟಿಗೆಯ ದೊಡ್ಡ ರಂಧ್ರಗಳು ಮರಳಿನಂತೆ ಸೋಸುವುದಿಲ್ಲ. ತಿಳಿಯಾಗಿ ಕಾಣುವುದು ಬೇರೆ, ಕುಡಿಯಲು ಯೋಗ್ಯವಾಗಿರುವುದು ಬೇರೆ. ಯಾವ ಝರಿಯದೇ ಆಗಲಿ, ಕುದಿಸಿ ಆರಿಸಿದ ನೀರನ್ನೇ ಮಕ್ಕಳಿಗೆ ಕೊಡಿ. ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲವಾದ್ದರಿಂದ ಮನೆಯಿಂದಲೇ ಕ್ಯಾನುಗಳಲ್ಲಿ ಒಯ್ಯುವುದೊಂದೇ ದಾರಿ. ಒಬ್ಬರಿಗೆ ದಿನಕ್ಕೆ ಕುಡಿಯಲು ಮತ್ತು ಕೈಬಾಯಿಗೆ ಐದು ಲೀಟರ್ ಎಂದು ಲೆಕ್ಕ ಹಾಕಿ, ಒಂದು ಇಪ್ಪತ್ತು ಲೀಟರಿನ ಕ್ಯಾನನ್ನು ಹೆಚ್ಚಿಗೆ ಇಟ್ಟುಕೊಳ್ಳಿ.

ಹೊನ್ನಿಕೇರಿಯ ಕುರಿತು: ಅಲ್ಲಿ ಕೃಷ್ಣಮೃಗಗಳಿವೆ. ಪಕ್ಕದ ವಿಲಾಸಪುರ ಕೆರೆಯ ಬಳಿ ಜಂಗಲ್ ಲಾಡ್ಜಸ್ ಸಂಸ್ಥೆಯ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಡೇರೆಯಲ್ಲಿ ಮಲಗಲು ನಿಮ್ಮ ಅತ್ತೆಯವರಿಗೆ ಕಷ್ಟವಾದರೆ, ಒಂದು ರಾತ್ರಿ ಚಿಂಚೋಳಿಯಲ್ಲಿ, ಇನ್ನೊಂದು ರಾತ್ರಿ ಇಲ್ಲಿ ಎಂದು ಹಂಚಿಕೊಳ್ಳಬಹುದು. ಚಿಂಚೋಳಿಯಿಂದ ಬೀದರ್ ದೂರವೇನಲ್ಲ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಎತ್ತರದ ನೆಲದಲ್ಲೂ ಇದೇ ಕೆಂಪು ಕಲ್ಲು ಕಾಣುತ್ತದೆ. ಕಪ್ಪು ನೆಲ ಮುಗಿದು ಕೆಂಪು ನೆಲ ಆರಂಭವಾಗುವ ಜಾಗವನ್ನು ಮಕ್ಕಳೇ ಗುರುತಿಸಲಿ. ಪುಸ್ತಕದ ಚಿತ್ರಕ್ಕಿಂತ ಅದು ಚೆನ್ನಾಗಿ ತಲೆಯಲ್ಲಿ ಉಳಿಯುತ್ತದೆ.

ಉತ್ತರ: ವನ್ಯಜೀವಿ ಆಸಕ್ತ, ಕಲಬುರಗಿ

ಮೇಲಿನ ಎರಡೂ ಉತ್ತರಗಳಲ್ಲಿ ಬೆಲೆಯುಳ್ಳ ಮಾತುಗಳಿವೆ. ಆದರೆ ಚಿಂಚೋಳಿಯ ಅಣ್ಣಾವರ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. ಡೇರೆಯನ್ನು ನೀರಿನ ದಂಡೆಗೆ ಹತ್ತಿರ ಹಾಕಬಾರದು. ಒಣಕಾಡಿನಲ್ಲಿ ನೀರಿನ ಅಂಚು ಎಂದರೆ ಪ್ರಾಣಿಗಳ ರಾತ್ರಿಯ ದಾರಿ. ಕೊಂಡುಕುರಿಯನ್ನೇ ತೆಗೆದುಕೊಳ್ಳಿ: ಅದು ಆಗಾಗ ನೀರು ಕುಡಿಯಲೇಬೇಕಾದ ಪ್ರಾಣಿ, ಹೀಗಾಗಿ ನೀರಿನಿಂದ ಬಹಳ ದೂರ ಹೋಗುವುದಿಲ್ಲ, ಜೊತೆಗೆ ಬಹಳ ಅಂಜುಬುರುಕ. ದಂಡೆಯ ಮೇಲೆ ನಾಲ್ಕು ಡೇರೆ, ಟಾರ್ಚು, ಮಕ್ಕಳ ಮಾತು ಇದ್ದರೆ ಅದು ಆ ರಾತ್ರಿ ನೀರಿಗೆ ಇಳಿಯುವುದೇ ಇಲ್ಲ. ನಾವು ಮರುದಿನ ಮನೆಗೆ ಬರುತ್ತೇವೆ, ಬಾಯಾರಿ ಹಿಂತಿರುಗುವುದು ಅದು. ಆದ್ದರಿಂದ ಇಲಾಖೆಯವರು ಕೇಳಿದರೆ ದಂಡೆಯಿಂದ ಚೆನ್ನಾಗಿ ಹಿಂದೆ, ಸ್ವಲ್ಪ ಎತ್ತರದ ಮೊರಂ ನೆಲವನ್ನು, ಅಂದರೆ ಗರಸು ನೆಲವನ್ನು ಕೇಳಿ. ಅಲ್ಲಿ ಸೊಳ್ಳೆಯೂ ಕಡಿಮೆ, ಬೆಳಗಿನ ಇಬ್ಬನಿಯೂ ಕಡಿಮೆ. ನೀರನ್ನು ನೋಡಲು ಹಗಲಿದೆ.

ಅತ್ತೆಯವರ ಅಂಜಿಕೆಗೆ ಉತ್ತರ ಹೇಳುತ್ತೇನೆ. ತೋಳವಿರುವುದು ನಿಜ, ಕತ್ತೆಕಿರುಬವಿರುವುದೂ ನಿಜ. ನಮ್ಮ ಕಡೆಯ ತೋಳಗಳು ಕುರಿಗಾಹಿಗಳ ಮಂದೆಯ ಸುತ್ತ, ಹೊಲ ಮತ್ತು ಹುಲ್ಲುಗಾವಲುಗಳಲ್ಲಿ ಓಡಾಡುವಂಥವು. ಮನುಷ್ಯರ ಗುಂಪು ಕಂಡರೆ ದೂರ ಸರಿಯುತ್ತವೆ. ಕತ್ತೆಕಿರುಬ ಮುಖ್ಯವಾಗಿ ಸತ್ತ ಪ್ರಾಣಿಗಳನ್ನು ತಿಂದು ಬದುಕುತ್ತದೆ, ಕತ್ತಲಾದ ಮೇಲೆಯೇ ಹೊರಬರುತ್ತದೆ, ಒಂಟಿಯಾಗಿ ಅಲೆಯುತ್ತದೆ. ಡೇರೆಯ ಕಡೆಗೆ ಅದನ್ನಾಗಲಿ, ಕಾಡುಹಂದಿಯನ್ನಾಗಲಿ ಕರೆತರುವುದು ನಾವು ಹೊರಗೆ ಬಿಟ್ಟ ಅನ್ನ. ಉಳಿದ ಊಟ, ಎಲುಬು, ಹಣ್ಣಿನ ಸಿಪ್ಪೆ, ಇವೆಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ರಾತ್ರಿ ಕಾರಿನೊಳಗೆ ಇಟ್ಟು, ಮರಳಿ ಊರಿಗೇ ತನ್ನಿ. ಕತ್ತಲಾದ ಮೇಲೆ ಮಕ್ಕಳು ಒಂಟಿಯಾಗಿ ಡೇರೆಯಿಂದ ದೂರ ಹೋಗಬಾರದು. ಮೂತ್ರಕ್ಕೆ ಹೋಗುವಾಗಲೂ ದೊಡ್ಡವರು ಟಾರ್ಚ್ ಹಿಡಿದು ಜೊತೆಗೆ ಹೋಗಲಿ. ಇಷ್ಟನ್ನು ಪಾಲಿಸಿದರೆ ಅತ್ತೆಯವರು ನಿಶ್ಚಿಂತೆಯಿಂದ ಬರಬಹುದು.

ಕಾಣುವುದೇನು ಎಂಬ ವಿಷಯದಲ್ಲಿ ಮಕ್ಕಳ ನಿರೀಕ್ಷೆಯನ್ನು ಮೊದಲೇ ತಿದ್ದಿ. ಜೀಪಿನಲ್ಲಿ ಕುಳಿತು ಆನೆಗಳ ಹಿಂಡು ನೋಡುವ ಕಾಡು ಇದಲ್ಲ. ಇಲ್ಲಿ ಕಣ್ಣಿಗಿಂತ ನೆಲ ಹೆಚ್ಚು ಹೇಳುತ್ತದೆ. ಕೊಂಡುಕುರಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಕಾಲುದಾರಿಯ ಬದಿಯಲ್ಲಿ ಅಂಥ ಗುಡ್ಡೆ ಕಂಡರೆ ಅದು ಅಲ್ಲೇ ಸುತ್ತಮುತ್ತ ಇದೆ ಎಂದರ್ಥ. ಅದರ ಗಂಡಿಗೆ ಮಾತ್ರ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಕತ್ತೆಕಿರುಬದ ಹೆಜ್ಜೆಯಲ್ಲಿ ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ದೊಡ್ಡದು. ಎಲುಬು ತಿನ್ನುವುದರಿಂದ ಅದರ ಮಲ ಒಣಗಿದ ಮೇಲೆ ಸುಣ್ಣದಂತೆ ಬಿಳಿಯಾಗುತ್ತದೆ. ದಂಡೆಯ ಹಸಿಮಣ್ಣಿನಲ್ಲಿ ಬೆಳಗಿನ ಹೊತ್ತು ಈ ಹೆಜ್ಜೆಗಳನ್ನು ಹುಡುಕಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ಬರೆಯುವುದಕ್ಕೆ ಮಕ್ಕಳಿಗೆ ಒಂದು ನೋಟುಪುಸ್ತಕ ಕೊಡಿ. ನಾನು ಕಂಡಂತೆ, ಹೀಗೆ ಹೆಜ್ಜೆ ಓದಲು ಕಲಿತ ಮಗು ಮುಂದೆ ಯಾವ ಕಾಡಿಗೆ ಹೋದರೂ ಬೇಸರ ಪಡುವುದಿಲ್ಲ.

ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ದಟ್ಟ ಕಾಡಿನೊಳಗೆ ಹುಡುಕಬೇಡಿ, ಅದು ಬಯಲಿನ ಪ್ರಾಣಿ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ನಂತರ ಕಾಡಿನ ಅಂಚಿನ ಹೊಲಗಳ ಕಡೆ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ. ಗೌಜಲಹಕ್ಕಿಯ ಕೂಗು ಹಗಲೆಲ್ಲ ಕೇಳಿಸುತ್ತದೆ, ಕತ್ತಲಿಳಿದರೆ ನತ್ತಿಂಗ ಎಂಬ ಇರುಳು ಹಕ್ಕಿಯ ಚುಕ್ ಚುಕ್ ದನಿ ಶುರುವಾಗುತ್ತದೆ. ಹಾಡು ಹಾಕುವ ಸ್ಪೀಕರನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಈ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತಿದ್ದೇನೆ, ಏಕೆಂದರೆ ಜಲಾಶಯದ ದಂಡೆಯಲ್ಲಿ ಜೋರು ಸಂಗೀತ ಹಾಕಿಕೊಂಡು ಕುಣಿಯುವ ಗುಂಪುಗಳನ್ನು ನೋಡಿ ಬಹಳ ನೊಂದಿದ್ದೇನೆ.

ಉತ್ತರ: ಯಾದಗಿರಿಯಿಂದ ಒಬ್ಬ ಓದುಗ

ಹಕ್ಕಿಗಳೇ ಮುಖ್ಯವಾದರೆ ನಮ್ಮ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮವನ್ನು ಮರೆಯಬೇಡಿ. ಸುರಪುರದ ನಾಯಕ ಅರಸರ ಕಾಲದ ಕೆರೆ ಅದು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ರಾತ್ರಿ ಉಳಿಯುವುದಕ್ಕಲ್ಲ, ಒಂದು ಬೆಳಗಿಗೆ ಸಾಕು. ಕಲಬುರಗಿಯಿಂದ ಬೇರೊಂದು ದಿನ ಬಂದು ಹೋಗಬಹುದು. ಚಿಂಚೋಳಿಯ ಪ್ರವಾಸಕ್ಕೆ ಇದನ್ನೂ ಸೇರಿಸಿದರೆ ದಿಕ್ಕೇ ಬೇರೆಯಾಗಿ ಎಲ್ಲರಿಗೂ ದಣಿವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲ ಹಿರಿಯರಿಗೂ ಮನಃಪೂರ್ವಕ ವಂದನೆಗಳು. ಉತ್ತರಗಳನ್ನು ರಾತ್ರಿ ಮನೆಯಲ್ಲಿ ಎಲ್ಲರೆದುರು ಓದಿದೆ. ಕತ್ತೆಕಿರುಬ ಸತ್ತದ್ದನ್ನು ತಿನ್ನುವ ಪ್ರಾಣಿ ಎಂದು ಕೇಳಿದ ಮೇಲೆ ಅತ್ತೆಯವರು ತಾವೂ ಬರುವುದಾಗಿ ಹೇಳಿದ್ದಾರೆ. ನೀರಿನ ದಂಡೆ ಬಿಟ್ಟು ಎತ್ತರದ ನೆಲದಲ್ಲಿ ಉಳಿಯುವ ಮಾತನ್ನು ಮಕ್ಕಳೇ ಮೊದಲು ಒಪ್ಪಿದರು. ಈಗಿನ ಯೋಚನೆ ಹೀಗಿದೆ: ಮೊದಲ ರಾತ್ರಿ ಚಂದ್ರಂಪಳ್ಳಿಯಲ್ಲಿ ಡೇರೆ, ಎರಡನೆಯ ರಾತ್ರಿ ಅತ್ತೆಯವರಿಗಾಗಿ ಬೀದರಿನಲ್ಲಿ ಮಂಚದ ಮೇಲೆ ನಿದ್ದೆ, ಮೂರನೆಯ ದಿನ ನಾನಕ್ ಝಿರಾ ಮತ್ತು ನೌಬಾದಿನ ಕರೇಜು ನೋಡಿಕೊಂಡು ಹುಮನಾಬಾದಿನ ಮೇಲೆ ಮನೆಗೆ.

ಎರಡು ಸಂಗತಿಗಳು ಉಳಿದಿವೆ. ಎಳ್ಳ ಅಮಾವಾಸ್ಯೆಯ ದಿನವೇ ಕಾಡಿನಲ್ಲಿರುವುದು ಸೂಕ್ತವೇ? ಮತ್ತು ಹಾವಿನ ವಿಷಯವನ್ನು ಯಾರೂ ಬರೆಯಲಿಲ್ಲ. ನನಗೆ ತೋಳಕ್ಕಿಂತ ಅದರದೇ ಚಿಂತೆ.

ಉತ್ತರ: ಶುಶ್ರೂಷಕಿ, ಕಲಬುರಗಿ

ಮೇಡಂ, ನಿಮ್ಮ ಚಿಂತೆ ಸರಿಯಾದುದು. ನಮ್ಮ ಭಾಗದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕೂ ಇವೆ. ಇವುಗಳಲ್ಲಿ ಕಟ್ಟುಹಾವಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುವುದುಂಟು, ಕಚ್ಚಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಬರಿಯ ತಾಡಪತ್ರಿ ಕಟ್ಟಿ ಅದರ ಕೆಳಗೆ ಚಾಪೆ ಹಾಸಿ ಮಲಗಬೇಡಿ. ತಳವನ್ನು ಗೋಡೆಗೇ ಹೊಲಿದಿರುವ, ಜಿಪ್ ಪೂರ್ತಿ ಮುಚ್ಚುವ ಟೆಂಟನ್ನೇ ತನ್ನಿ. ಹಗಲಿನಲ್ಲೂ ಜಿಪ್ ತೆರೆದಿಡಬಾರದು. ಬೂಟುಗಳನ್ನು ಒಳಗೆ ಇಟ್ಟುಕೊಳ್ಳಿ, ಬೆಳಿಗ್ಗೆ ಝಾಡಿಸಿಯೇ ಹಾಕಿಕೊಳ್ಳಿ. ಚೇಳಿಗೂ ಇದೇ ಎಚ್ಚರಿಕೆ. ಕಲ್ಲುಗುಪ್ಪೆಗಳಿಗೆ ಕೈಹಾಕದಂತೆ ಮಕ್ಕಳಿಗೆ ಹೇಳಿ.

ಬೆಳಿಗ್ಗೆ ಯಾರಿಗಾದರೂ ಕಾರಣವಿಲ್ಲದೆ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ ಕಂಡುಬಂದರೆ ಹಾವು ಕಾಣದಿದ್ದರೂ ಕಚ್ಚಿರಬಹುದೆಂದೇ ತಿಳಿಯಬೇಕು. ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಬೇರು ತೇಯ್ದು ಕುಡಿಸುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಆ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ, ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಹಾವಿನ ವಿಷಕ್ಕೆ ಔಷಧ ಪ್ರತಿವಿಷದ ಚುಚ್ಚುಮದ್ದು ಒಂದೇ. ಹೊರಡುವ ಮೊದಲೇ ಚಿಂಚೋಳಿ ತಾಲ್ಲೂಕು ಆಸ್ಪತ್ರೆಗೆ ಕರೆ ಮಾಡಿ ಅದು ಲಭ್ಯವಿದೆಯೇ ಎಂದು ಕೇಳಿಕೊಳ್ಳಿ. ಕಾಡಿನೊಳಗೆ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ ಎಂಬುದನ್ನು ಹೋದ ಕೂಡಲೇ ನೋಡಿಟ್ಟುಕೊಳ್ಳಿ. ತುರ್ತು ಸಂಖ್ಯೆ 112, ಆಂಬುಲೆನ್ಸಿಗೆ 108. ಅತ್ತೆಯವರ ನಿತ್ಯದ ಮಾತ್ರೆಗಳನ್ನು ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕೆ ಆಗುವಷ್ಟು ಇಟ್ಟುಕೊಳ್ಳಿ.

ಉತ್ತರ: ರೈತ, ಚಿಂಚೋಳಿ ತಾಲ್ಲೂಕು

ಅಕ್ಕಾವರೇ, ದಂಡೆಯ ವಿಷಯದಲ್ಲಿ ಕಲಬುರಗಿಯ ಅಣ್ಣಾವರು ಹೇಳಿದ್ದು ಒಪ್ಪುವಂಥ ಮಾತು. ಜಲಾಶಯದಿಂದ ಮೇಲಕ್ಕೆ ಸರಿದರೆ ಗಟ್ಟಿ ನೆಲ ಬೇಕಾದಷ್ಟಿದೆ.

ಎಳ್ಳ ಅಮಾವಾಸ್ಯೆಯ ಬಗ್ಗೆ ನನ್ನ ಸಲಹೆ ಇದು. ಆ ದಿನ ನಮ್ಮ ಸೀಮೆಯ ಪ್ರತಿಯೊಂದು ಕುಟುಂಬ ಹೊಲದಲ್ಲಿರುತ್ತದೆ. ಎತ್ತಿನ ಬಂಡಿ, ಟ್ರ್ಯಾಕ್ಟರ್, ಟಂಟಂಗಳಿಂದ ದಾರಿಗಳೆಲ್ಲ ತುಂಬಿರುತ್ತವೆ, ಹೊಲದಲ್ಲಿ ಜನರ ಗದ್ದಲವಿರುವುದರಿಂದ ಚಿಗರಿಗಳು ಹತ್ತಿರ ಸುಳಿಯುವುದಿಲ್ಲ. ಅರಣ್ಯದ ಸಿಬ್ಬಂದಿಯೂ ನಮ್ಮಂತೆಯೇ ಹಬ್ಬದವರು. ಆದ್ದರಿಂದ ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ಬಂದು ಹೋಗಿ. ಚಂದ್ರ ಬೆಳಗಿನ ಜಾವಕ್ಕೆ ಹುಟ್ಟುವುದರಿಂದ ರಾತ್ರಿಯೆಲ್ಲ ಕತ್ತಲು ಸಿಗುತ್ತದೆ, ನಿಮ್ಮ ನಕ್ಷತ್ರಗಳಿಗೆ ಕೊರತೆಯಾಗುವುದಿಲ್ಲ. ಹಬ್ಬದ ದಿನ ನಿಮ್ಮ ಮನೆಯವರೂ ನಿಮ್ಮ ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆಯ ಅನ್ನವನ್ನು ಹೊಲದಲ್ಲಿ ಎರಚಿ, ಬಜ್ಜಿ ರೊಟ್ಟಿ ಉಣ್ಣಬಹುದು.

ಆ ಹೊತ್ತಿಗೆ ತೊಗರಿ ಕೊಯ್ಲಿಗೆ ಬಂದಿರುತ್ತದೆ. ಚಿಗರಿ, ಹಂದಿ ಎರಡೂ ಬೆಳೆಗೆ ಬರುವುದರಿಂದ ರೈತರು ರಾತ್ರಿ ಹೊಲ ಕಾಯುತ್ತಿರುತ್ತಾರೆ. ದೂರದಲ್ಲಿ ಬ್ಯಾಟರಿಯ ಬೆಳಕೋ ಕೂಗೋ ಕೇಳಿಸಿದರೆ ಹೆದರಬೇಡಿ. ಹೊಲಗಳ ಸುತ್ತ ಕೆಲವೆಡೆ ತಂತಿಯೂ ಇರಬಹುದು, ಆದ್ದರಿಂದ ಕತ್ತಲಲ್ಲಿ ಯಾರ ಹೊಲಕ್ಕೂ ಇಳಿಯಬೇಡಿ. ಹಗಲಿನಲ್ಲಿ ಚಿಗರಿ ನೋಡಲು ಹೊಲದ ಬದುವಿನ ಮೇಲೆ ನಿಲ್ಲುವುದಾದರೆ ಹೊಲದವರನ್ನು ಒಂದು ಮಾತು ಕೇಳಿ. ಬೇಡವೆನ್ನುವವರು ನಮ್ಮ ಕಡೆ ಇಲ್ಲ.

ರಾತ್ರಿ ಚಳಿ ನೀವು ಎಣಿಸಿದ್ದಕ್ಕಿಂತ ಹೆಚ್ಚಿರುತ್ತದೆ. ಅತ್ತೆಯವರಿಗೆ ಕೆಳಗೊಂದು ಕೌದಿ, ಮೇಲೊಂದು ಕೌದಿ, ತಲೆಗೆ ಉಣ್ಣೆಯ ಟೋಪಿ ಬೇಕು. ಟೆಂಟಿನ ಜೊತೆ ಬರುವ ತೆಳ್ಳನೆಯ ಗೂಟಗಳು ಮೊರಂ ನೆಲದಲ್ಲಿ ಬಾಗಿಹೋಗುತ್ತವೆ. ದಪ್ಪ ಕಬ್ಬಿಣದ ಗೂಟಗಳನ್ನೂ ಒಂದು ಸುತ್ತಿಗೆಯನ್ನೂ ಕಲಬುರಗಿಯಲ್ಲೇ ಕೊಂಡು ತನ್ನಿ. ಅರ್ಜಿ ಕೊಡಲು ಚಿಂಚೋಳಿಗೆ ಬರುವ ದಿನವೇ ಜಾಗವನ್ನೂ ಒಮ್ಮೆ ಹಗಲಿನಲ್ಲಿ ನೋಡಿಕೊಂಡು ಹೋದರೆ, ಕಾರು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಅತ್ತೆಯವರು ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದು ಮುಂಚೆಯೇ ತಿಳಿಯುತ್ತದೆ.